ಎತ್ತರ ಕೊಟ್ಟಿಲ್ಲ, ಏನು ಮಾಡೋಣ?

ಈ ಸಲದ ಟಪಾಲಿನಲ್ಲಿ ತ್ರಾಪಿಜ್ಯದ್ದೇ, ಅಂದರೆ ಎದುರುಬದುರಿನ ಒಂದು ಜೊತೆ ಬಾಹು ಮಾತ್ರ ಸಮಾಂತರವಾಗಿರುವ ನಾಲ್ಕು ಬದಿಯ ಆಕೃತಿಯದ್ದೇ ಕಾರುಬಾರು. ಹೋದ ಸಂಚಿಕೆಯಲ್ಲಿ ಅದರ ವಿಸ್ತೀರ್ಣದ ಸೂತ್ರವನ್ನು ಎರಡು ಸಾಲಿನಲ್ಲಿ ಬರೆದಿದ್ದೆ, ಅಷ್ಟೇ. ಸಮಾಂತರವಾಗಿರುವ ಎರಡು ಬಾಹುಗಳನ್ನು ಕೂಡಿ, ಅರ್ಧ ಮಾಡಿ, ನಡುವಿನ ಎತ್ತರದಿಂದ ಗುಣಿಸಿ ಎಂದು. ಅದಕ್ಕೆ ಬಂದ ಪತ್ರಗಳೆಲ್ಲ ಒಂದೇ ರಾಗ: "ಸಾರ್, ಸೂತ್ರ ಗೊತ್ತು, ಆದರೆ ಎತ್ತರವೇ ಗೊತ್ತಿಲ್ಲವಲ್ಲ!" ಸರಿ, ಒಂದೊಂದಾಗಿ ನೋಡೋಣ. ಪಕ್ಕದಲ್ಲಿ ಒಂದು ಹಾಳೆ, ಪೆನ್ಸಿಲ್ ಇಟ್ಟುಕೊಳ್ಳಿ. ಚಿತ್ರ ಬರೆಯದೆ ಇದನ್ನು ಓದಿದರೆ ತಲೆನೋವು ಗ್ಯಾರಂಟಿ.

ಮಗ ಹತ್ತನೇ ಕ್ಲಾಸು. ಒಂದು ಲೆಕ್ಕದಲ್ಲಿ ತ್ರಾಪಿಜ್ಯದ ಸಮಾಂತರ ಬಾಹುಗಳು 25 ಮತ್ತು 11 ಸೆಂ.ಮೀ., ಉಳಿದ ಎರಡು ಬಾಹುಗಳು 13 ಮತ್ತು 15 ಸೆಂ.ಮೀ. ಎಂದು ಕೊಟ್ಟು ವಿಸ್ತೀರ್ಣ ಕೇಳಿದ್ದಾರೆ. "ಎತ್ತರ ಕೊಟ್ಟಿಲ್ಲ, ಲೆಕ್ಕವೇ ತಪ್ಪು" ಅಂತ ಪುಸ್ತಕ ಮುಚ್ಚಿಟ್ಟಿದ್ದಾನೆ. ನಿಜವಾಗಿಯೂ ತಪ್ಪಾ? (ಒಬ್ಬ ತಾಯಿ, ಶಿವಮೊಗ್ಗ)

ತಪ್ಪಿಲ್ಲಮ್ಮ, ಲೆಕ್ಕ ಸರಿಯಾಗೇ ಇದೆ. ಎತ್ತರ ಕೊಟ್ಟಿಲ್ಲ ನಿಜ, ಆದರೆ ಅದು ಆ ನಾಲ್ಕು ಸಂಖ್ಯೆಗಳ ಒಳಗೇ ಅಡಗಿ ಕೂತಿದೆ. ಮಗನನ್ನು ಕೂರಿಸಿಕೊಂಡು ಹೀಗೆ ಮಾಡಿಸಿ.

25ರ ಬಾಹು ಕೆಳಗೆ, 11ರದ್ದು ಮೇಲೆ ಬರುವ ಹಾಗೆ ಚಿತ್ರ ಬರೆಯಲಿ. ಮೇಲಿನ ಬಾಹುವಿಗೆ 15ರ ಬಾಹು ಸೇರುವ ತುದಿಯಿಂದ, 13ರ ಬಾಹುವಿಗೆ ಸಮಾಂತರವಾಗಿ ಕೆಳಗಿನ ತನಕ ಒಂದು ಗೆರೆ ಎಳೆಯಲಿ. ಈಗ ಆಕೃತಿ ಎರಡು ತುಂಡಾಯಿತು. ಒಂದು ಕಡೆ ಸಮಾಂತರ ಚತುರ್ಭುಜ, ಇನ್ನೊಂದು ಕಡೆ ತ್ರಿಭುಜ. ಕತ್ತರಿ ತೆಗೆದುಕೊಂಡು ಆ ಚತುರ್ಭುಜವನ್ನು ನಿಜವಾಗಿಯೇ ಕತ್ತರಿಸಿ ಎಸೆದರೂ ಅಡ್ಡಿಯಿಲ್ಲ. ಉಳಿಯುವ ತ್ರಿಭುಜದ ಬಾಹುಗಳು ಯಾವುವು? 13, 15, ಮತ್ತು 25ರಲ್ಲಿ 11 ಕಳೆದರೆ ಉಳಿಯುವ 14. ಮೂರೂ ಬಾಹು ಗೊತ್ತಿರುವ ತ್ರಿಭುಜ! ಇನ್ನೇನು ಬೇಕು? ಒಂಬತ್ತನೇ ತರಗತಿಯಲ್ಲಿ ಓದಿದ ಹೆರಾನನ ಸೂತ್ರ ಹಾಕಲಿ. ಸುತ್ತಳತೆಯ ಅರ್ಧ 21, ಅದರಲ್ಲಿ ಒಂದೊಂದೇ ಬಾಹು ಕಳೆದರೆ 8, 7, 6. 21 × 8 × 7 × 6 = 7056, ಅದರ ವರ್ಗಮೂಲ 84. ತ್ರಿಭುಜದ ವಿಸ್ತೀರ್ಣ 84 ಆದರೆ, 14ರ ಪಾದದ ಮೇಲೆ ಎತ್ತರ 168 ÷ 14 = 12. ತ್ರಿಭುಜದ ಎತ್ತರವೇ ತ್ರಾಪಿಜ್ಯದ ಎತ್ತರ, ಯಾಕೆಂದರೆ ಎರಡೂ ಅದೇ ಎರಡು ಸಮಾಂತರ ಗೆರೆಗಳ ನಡುವೆ ಇವೆ. ಇನ್ನು ಸೂತ್ರ: 25 + 11 = 36, ಅರ್ಧ 18, 18 × 12 = 216 ಚದರ ಸೆಂ.ಮೀ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವನು. ಮಕ್ಕಳು ತಪ್ಪುವುದು ಹೆರಾನನ ಸೂತ್ರದಲ್ಲಿ ಅಲ್ಲ, ಆ ಒಂದು ಗೆರೆ ಎಳೆಯುವುದರಲ್ಲಿ. ಪುಸ್ತಕದಲ್ಲಿ ಇಲ್ಲದ ಗೆರೆಯನ್ನು ನಾನು ಎಳೆಯಬಹುದಾ ಅಂತ ಅವರಿಗೆ ಭಯ. ಎಳೆಯಬಹುದು ಎಂದು ಹೇಳಿ, ಸಾಕು.

ನಮ್ಮದು ರಸ್ತೆಗೂ ನಾಲೆಗೂ ನಡುವಿನ ಗದ್ದೆ. ರಸ್ತೆ ಕಡೆ 170 ಅಡಿ, ನಾಲೆ ಕಡೆ 70 ಅಡಿ, ಎರಡರ ನಡುವೆ 363 ಅಡಿ. ದಾಖಲೆಯಲ್ಲಿ ಒಂದು ಎಕರೆ. ನಾನು, ನಮ್ಮಣ್ಣ ಇಬ್ಬರೂ ಸಮ ಪಾಲು ಮಾಡಿಕೊಳ್ಳಬೇಕು. ಸರಿಯಾಗಿ ಮಧ್ಯಕ್ಕೆ ಅಡ್ಡ ಬದು ಹಾಕಿ, ರಸ್ತೆ ಕಡೆಯದು ನನಗೆ, ನಾಲೆ ಕಡೆಯದು ನಿನಗೆ ಅಂತಾನೆ ಅಣ್ಣ. ನನಗೇಕೋ ಅನುಮಾನ. (ಮಂಡ್ಯ ಜಿಲ್ಲೆಯ ಓದುಗರು)

ಅನುಮಾನ ಪಟ್ಟಿದ್ದು ಒಳ್ಳೆಯದಾಯಿತು. ಮೊದಲು ದಾಖಲೆ ನೋಡೋಣ. 170 + 70 = 240, ಅರ್ಧ 120. 120 × 363 = 43,560 ಚದರ ಅಡಿ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, ಅಂದರೆ 1,089 ಚದರ ಅಡಿ. ಭಾಗಿಸಿದರೆ ಸರಿಯಾಗಿ 40 ಗುಂಟೆ. ದಾಖಲೆ ಸರಿ ಇದೆ.

ಈಗ ನಿಮ್ಮಣ್ಣ ಹೇಳುವ ಬದು. 363ರ ಅರ್ಧ, ಅಂದರೆ ರಸ್ತೆಯಿಂದ 181 ಅಡಿ 6 ಇಂಚಿಗೆ ಅಡ್ಡ ಬದು ಹಾಕಿದರೆ ಅದರ ಉದ್ದ 120 ಅಡಿ ಬರುತ್ತದೆ. ರಸ್ತೆ ಕಡೆಯ ಪಾಲು 170 ಮತ್ತು 120ರ ತ್ರಾಪಿಜ್ಯ, ನಾಲೆ ಕಡೆಯದು 120 ಮತ್ತು 70ರದ್ದು. ಲೆಕ್ಕ ಹಾಕಿದರೆ ಅಣ್ಣನಿಗೆ 24 ಗುಂಟೆ 2 ಆಣೆ ಚಿಲ್ಲರೆ (ಗುಂಟೆಗೆ ಹದಿನಾರು ಆಣೆ), ನಿಮಗೆ 15 ಗುಂಟೆ 13 ಆಣೆ ಚಿಲ್ಲರೆ. ಎಂಟು ಗುಂಟೆಗೂ ಜಾಸ್ತಿ ವ್ಯತ್ಯಾಸ! ನಿಮ್ಮಣ್ಣ ಬೇಕಂತಲೇ ಹೇಳಿದರು ಅಂತ ನಾನು ಹೇಳುವುದಿಲ್ಲ. ಮಧ್ಯ ಅಂದರೆ ಸಮ ಅಂತ ಯಾರಿಗಾದರೂ ಅನ್ನಿಸುತ್ತದೆ, ಆದರೆ ಗದ್ದೆ ಒಂದು ಕಡೆ ಅಗಲ, ಒಂದು ಕಡೆ ಕಿರಿದು.

ಹಾಗಾದರೆ ಅಡ್ಡ ಬದು ಎಲ್ಲಿ ಬರಬೇಕು? ಎರಡು ಪಕ್ಕದ ಬದುಗಳನ್ನು ನಾಲೆ ದಾಟಿ ಆಚೆಗೂ ನೇರವಾಗಿ ಎಳೆದ ಹಾಗೆ ಊಹಿಸಿಕೊಳ್ಳಿ. ಎಲ್ಲೋ ಒಂದು ಕಡೆ ಕೂಡುತ್ತವೆ, ದೊಡ್ಡ ತ್ರಿಭುಜ ಆಗುತ್ತದೆ. ಆ ತುದಿಯಿಂದ ನೋಡಿದರೆ ನಾಲೆ, ನಿಮ್ಮ ಬದು, ರಸ್ತೆ ಮೂರೂ ಒಂದೇ ಆಕಾರದ ಮೂರು ತ್ರಿಭುಜಗಳ ಪಾದಗಳು. ಇಂಥ ತ್ರಿಭುಜಗಳಲ್ಲಿ ಪಾದ ಎರಡರಷ್ಟಾದರೆ ವಿಸ್ತೀರ್ಣ ನಾಲ್ಕರಷ್ಟು, ಅಂದರೆ ವಿಸ್ತೀರ್ಣ ಪಾದದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಆದ್ದರಿಂದ ಸಮ ಪಾಲಿಗೆ ಅಗಲಗಳ ಸರಾಸರಿ ತೆಗೆಯಬಾರದು, ಅಗಲಗಳ ವರ್ಗಗಳ ಸರಾಸರಿ ತೆಗೆಯಬೇಕು. 170ರ ವರ್ಗ 28,900. 70ರ ವರ್ಗ 4,900. ಕೂಡಿದರೆ 33,800, ಅರ್ಧ 16,900, ವರ್ಗಮೂಲ 130. ಬದುವಿನ ಉದ್ದ 130 ಅಡಿ ಇರಬೇಕು. ರಸ್ತೆಯಿಂದ ಎಷ್ಟು ದೂರ? 363 ಅಡಿ ಹೋಗುವಷ್ಟರಲ್ಲಿ ಅಗಲ 100 ಅಡಿ ಇಳಿಯುತ್ತದೆ. ನಮಗೆ 40 ಅಡಿ ಇಳಿದರೆ ಸಾಕು. 363 × 40 ÷ 100 = 145.2, ಅಂದರೆ 145 ಅಡಿ ಎರಡೂವರೆ ಇಂಚು ಎನ್ನಿ. ಅಲ್ಲಿ ಗೂಟ ಹೊಡೆದರೆ ಇಬ್ಬರಿಗೂ ತಲಾ 20 ಗುಂಟೆ. ತಾಳೆ ನೋಡಿ: 150 × 145.2 = 21,780, ಆ ಕಡೆ 100 × 217.8 = 21,780.

ಒಂದು ಮಾತು ಹೇಳದೆ ಇರಲಾರೆ. ನಿಮ್ಮ ಪತ್ರದಲ್ಲಿ 170, 70 ನೋಡಿದ ಕೂಡಲೇ ನಗು ಬಂತು. ಬ್ಯಾಬಿಲೋನಿನ ಕಾಲದ ಒಂದು ಮಣ್ಣಿನ ಹಲಗೆಯಲ್ಲಿ ಇದೇ ಲೆಕ್ಕ ಇದೆ. ಅದು ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ, ಮೂರೂವರೆ ಸಾವಿರ ವರ್ಷಕ್ಕೂ ಹಳೆಯದು. ಒಂದು ಕಡೆ 17, ಇನ್ನೊಂದು ಕಡೆ 7, ಸಮ ಭಾಗ ಮಾಡುವ ಗೆರೆ 13. ಅಲ್ಲೂ ಹೊಲ ಹಂಚುವ ಲೆಕ್ಕವೇ. ಯಾವ ಅಣ್ಣತಮ್ಮಂದಿರೋ ಏನೋ!

ಲೆಕ್ಕದ ಮೇಷ್ಟ್ರಾಗಿ ನನಗೆ ಆ ವರ್ಗಮೂಲದ ದಾರಿ ಬಹಳ ಇಷ್ಟ. ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಅಡ್ಡ ಬದು ಹಾಕಿಸುತ್ತಲೇ ಇರಲಿಲ್ಲ. ರಸ್ತೆ ಕಡೆಯ 170 ಅಡಿಯ ಮಧ್ಯಕ್ಕೆ ಒಂದು ಗೂಟ, ನಾಲೆ ಕಡೆಯ 70 ಅಡಿಯ ಮಧ್ಯಕ್ಕೆ ಒಂದು ಗೂಟ, ಎರಡಕ್ಕೂ ಹಗ್ಗ ಕಟ್ಟಿ ಉದ್ದಕ್ಕೆ ಬದು ಹಾಕಿ. ಇಬ್ಬರಿಗೂ 85 ಮತ್ತು 35 ಅಡಿ ಅಗಲದ, 363 ಅಡಿ ಎತ್ತರದ ತ್ರಾಪಿಜ್ಯ. ಸರಾಸರಿ 60, ಗುಣಿಸಿದರೆ ಮತ್ತೆ ಅದೇ 21,780. ಇಬ್ಬರಿಗೂ ರಸ್ತೆ ಸಿಕ್ಕಿತು, ಇಬ್ಬರಿಗೂ ನೀರು ಸಿಕ್ಕಿತು. ಅಡ್ಡ ಬದು ಹಾಕಿದರೆ ಗುಂಟೆ ಸಮ ಆದರೂ ಒಬ್ಬರಿಗೆ ಗಾಡಿ ಹೋಗಲು ದಾರಿ ಇರುವುದಿಲ್ಲ, ಇನ್ನೊಬ್ಬರಿಗೆ ನೀರು ಬರುವುದಿಲ್ಲ, ಮುಂದಿನ ತಲೆಮಾರಿಗೆ ಕೋರ್ಟು ಖರ್ಚು.

ಇನ್ನೂ ಒಂದು. ಆ 363 ಅಡಿ ನೀವು ಎಲ್ಲಿ ಅಳೆದಿರಿ? ಓರೆಯಾಗಿರುವ ಬದುವಿನ ಮೇಲೆ ಟೇಪು ಹಿಡಿದು ಅಳೆದಿದ್ದರೆ ಅದು ಎತ್ತರ ಅಲ್ಲ. ಎತ್ತರ ಅಂದರೆ ರಸ್ತೆಯಿಂದ ನಾಲೆಗೆ ಲಂಬವಾಗಿ ಇರುವ ದೂರ. ನಿಮ್ಮ ಒಂದು ಬದು ರಸ್ತೆಗೆ ನೇರವಾಗಿದ್ದು ಇನ್ನೊಂದು ಪೂರ್ತಿ ಓರೆ ಇದ್ದರೆ, ಓರೆ ಬದುವಿನ ಉದ್ದ ಸುಮಾರು 376 ಅಡಿ 6 ಇಂಚು ಬರುತ್ತದೆ. ಅದನ್ನೇ ಎತ್ತರ ಅಂದುಕೊಂಡು ಗುಣಿಸಿದರೆ ಹತ್ತಿರಹತ್ತಿರ 41 ಗುಂಟೆ 8 ಆಣೆ! ಒಂದೂವರೆ ಗುಂಟೆ ಗಾಳಿಯಲ್ಲೇ ಹುಟ್ಟಿತು. ಕಬ್ಬು ನಿಂತಿದೆ, ಒಳಗೆ ಟೇಪು ಹಿಡಿಯಲು ಆಗುವುದಿಲ್ಲ ಅನ್ನುವುದಾದರೆ ನಾಲ್ಕೂ ಬದಿ ಅಳೆದು, ಮೇಲೆ ಶಿವಮೊಗ್ಗದ ತಾಯಿಗೆ ಹೇಳಿದ ಹಾಗೆ ತ್ರಿಭುಜ ಮಾಡಿಕೊಳ್ಳಿ. ರಸ್ತೆಯೂ ನಾಲೆಯೂ ನಿಜಕ್ಕೂ ಸಮಾಂತರವಾ ಅನ್ನುವುದನ್ನು ಎರಡು ಕಡೆ ಅಡ್ಡ ಅಳೆದು ಖಾತ್ರಿ ಮಾಡಿಕೊಳ್ಳಿ. ಕಾಗದಪತ್ರಕ್ಕೆ ಹೇಗೂ ಸರ್ವೆಯರ್ ಬಂದು ಅಳೆದು ನಕ್ಷೆ ಮಾಡಲೇಬೇಕು, ನನ್ನ ಲೆಕ್ಕ ಮನೆಯೊಳಗಿನ ಮಾತುಕತೆಗೆ ಮಾತ್ರ.

ಗೋಮುಖ ಸೈಟು ನೋಡಿದ್ದೇವೆ. ಮುಂದೆ 26 ಅಡಿ, ಹಿಂದೆ 40 ಅಡಿ, ಒಂದು ಪಕ್ಕ 48, ಇನ್ನೊಂದು ಪಕ್ಕ 50. ಮಾರುವವರು ಎದುರುಬದುರಿನ ಅಳತೆಗಳ ಸರಾಸರಿ ತೆಗೆದು 33 × 49 = 1,617 ಚದರ ಅಡಿ ಅಂತಾರೆ. ಒಪ್ಪಬಹುದಾ? (ಮೈಸೂರು)

ಒಪ್ಪಬೇಡಿ. ಮುಂದಿನ ಮತ್ತು ಹಿಂದಿನ ಗೆರೆ ಸಮಾಂತರ ಎಂದುಕೊಂಡರೆ, ನಡುವಿನ ಭಾಗ ತೆಗೆದಾಗ ಉಳಿಯುವ ತ್ರಿಭುಜ 14, 48, 50. ಈ ಮೂರನ್ನು ನೋಡಿದರೆ ಏನಾದರೂ ನೆನಪಾಗುತ್ತದಾ? 196 + 2,304 = 2,500. ಪೈಥಾಗೊರಸ್! ಅಂದರೆ 48 ಅಡಿಯ ಪಕ್ಕ ರಸ್ತೆಗೆ ಸರಿಯಾಗಿ ಮೂಲೆಮಟ್ಟದಲ್ಲಿದೆ, ಅದೇ ಎತ್ತರ. 33 × 48 = 1,584 ಚದರ ಅಡಿ. ಅವರು ಹೇಳಿದ್ದಕ್ಕಿಂತ 33 ಚದರ ಅಡಿ ಕಡಿಮೆ. ಚದರ ಅಡಿಗೆ 4,000 ರೂಪಾಯಿ ಅಂತ ಇಟ್ಟುಕೊಂಡರೂ 1,32,000 ರೂಪಾಯಿ ಸುಮ್ನೆ ಕೊಟ್ಟ ಹಾಗೆ.

ಈ ಸರಾಸರಿಗೆ ಸರಾಸರಿ ಗುಣಿಸುವ ಪದ್ಧತಿ ಬಹಳ ಹಳೆಯದು. ರಾಷ್ಟ್ರಕೂಟರ ನೃಪತುಂಗನ ಕಾಲದಲ್ಲಿದ್ದ ನಮ್ಮ ಮಹಾವೀರಾಚಾರ್ಯ ಒಂಬತ್ತನೇ ಶತಮಾನದಲ್ಲೇ ಇದನ್ನು ವ್ಯಾವಹಾರಿಕ ಲೆಕ್ಕ ಅಂತ ಬೇರೆ ಇಟ್ಟು, ನಿಖರವಾದದ್ದನ್ನು ಸೂಕ್ಷ್ಮ ಅಂತ ಕರೆದ. ವ್ಯಾವಹಾರಿಕ ಲೆಕ್ಕ ನಿಜವಾದ ವಿಸ್ತೀರ್ಣಕ್ಕಿಂತ ಎಂದೂ ಕಡಿಮೆ ಬರುವುದಿಲ್ಲ. ಬಂದರೆ ಜಾಸ್ತಿಯೇ. ನಾಲ್ಕೂ ಮೂಲೆ ಮಟ್ಟವಾಗಿದ್ದಾಗ ಮಾತ್ರ ಎರಡೂ ಒಂದೇ. ಮಾರುವವರಿಗೆ ಯಾಕೆ ಇದು ಇಷ್ಟ ಅಂತ ಈಗ ಗೊತ್ತಾಯಿತಲ್ಲ. ಗೋಮುಖ ಶುಭವೋ, ವ್ಯಾಘ್ರಮುಖ ಅಶುಭವೋ ನನಗೆ ಕೇಳಬೇಡಿ. ನನ್ನ ಮಟ್ಟಿಗೆ ಎರಡೂ ತ್ರಾಪಿಜ್ಯ, ತಿರುಗಿಸಿ ಇಟ್ಟಿದ್ದಾರೆ ಅಷ್ಟೇ.

ಒಂದು ಗೈಡಿನಲ್ಲಿ ಸಮಾಂತರ ಬಾಹುಗಳು 20 ಮತ್ತು 8, ಉಳಿದವು 6 ಮತ್ತು 5 ಎಂದಿದೆ. ನಿಮ್ಮ ವಿಧಾನದಲ್ಲಿ ಮಾಡಿದರೆ ವರ್ಗಮೂಲದೊಳಗೆ ಋಣ ಸಂಖ್ಯೆ ಬರುತ್ತಿದೆ. ಎಲ್ಲಿ ತಪ್ಪಿದೆ? (ವಿದ್ಯಾರ್ಥಿನಿ, ಕಲಬುರಗಿ)

ನೀನು ತಪ್ಪಿಲ್ಲ, ಗೈಡು ತಪ್ಪಿದೆ. 20ರಲ್ಲಿ 8 ಕಳೆದರೆ 12. ಆರು ಮತ್ತು ಐದು ಸೇರಿದರೆ 11. ಹನ್ನೆರಡು ಅಡಿ ಹಳ್ಳಕ್ಕೆ ಹನ್ನೊಂದು ಅಡಿ ಹಲಗೆ ಹಾಕಿದ ಹಾಗೆ, ಮುಟ್ಟುವುದಿಲ್ಲ. ಅಂಥ ತ್ರಾಪಿಜ್ಯವೇ ಇಲ್ಲ. ಲೆಕ್ಕ ಶುರು ಮಾಡುವ ಮೊದಲು ಇದೊಂದು ನೋಡಿಕೋ, ಕಾಲು ಗಂಟೆ ಉಳಿಯುತ್ತದೆ.

ತ್ರಾಪಿಜ್ಯದ ಕರ್ಣಗಳು 15 ಮತ್ತು 20 ಸೆಂ.ಮೀ., ಅವು ಲಂಬವಾಗಿ ಛೇದಿಸುತ್ತವೆ. ಬಾಹು ಒಂದೂ ಕೊಟ್ಟಿಲ್ಲ. ಬಾಹುಗಳು, ಎತ್ತರ, ವಿಸ್ತೀರ್ಣ ಎಲ್ಲ ಕಂಡುಹಿಡಿಯಬಹುದೇ? (ಉಡುಪಿ)

ಎಲ್ಲ ಆಗುವುದಿಲ್ಲ, ಕೆಲವು ಆಗುತ್ತವೆ. ಇಂಥ ಪ್ರಶ್ನೆ ನನಗೆ ಇಷ್ಟ, ಯಾಕೆಂದರೆ ಎಷ್ಟು ಸಿಗುತ್ತದೆ, ಎಲ್ಲಿಗೆ ನಿಲ್ಲಬೇಕು ಎರಡೂ ಇದರಲ್ಲಿದೆ. ಈ ಸಲ ಬಾಹುವಿನ ಬದಲು ಒಂದು ಕರ್ಣವನ್ನು ಸರಿಸಿ. ಮೇಲಿನ ಬಾಹು ಎಷ್ಟು ಉದ್ದವೋ ಅಷ್ಟು, ಅದೇ ದಿಕ್ಕಿನಲ್ಲಿ ಪಕ್ಕಕ್ಕೆ. ಆಗ ಎರಡು ಕರ್ಣಗಳೂ ಮೇಲೆ ಒಂದೇ ಮೂಲೆಯಲ್ಲಿ ಕೂಡುತ್ತವೆ, ಕೆಳಗೆ ಪಾದವಾಗಿ ಎರಡು ಸಮಾಂತರ ಬಾಹುಗಳು ತುದಿಗೆ ತುದಿ ಸೇರಿ ಮಲಗುತ್ತವೆ. ಹೊಸ ತ್ರಿಭುಜದ ವಿಸ್ತೀರ್ಣ ಮತ್ತು ತ್ರಾಪಿಜ್ಯದ ವಿಸ್ತೀರ್ಣ ಒಂದೇ. ಮೂಲೆ ಲಂಬವಾದ್ದರಿಂದ 15 × 20 ÷ 2 = 150 ಚದರ ಸೆಂ.ಮೀ. ಪಾದ, ಅಂದರೆ ಲಂಬ ಮೂಲೆಯ ಎದುರಿನ ಬಾಹು (ವಿಕರ್ಣ), 225 + 400 = 625ರ ವರ್ಗಮೂಲ, 25. ಎತ್ತರ 300 ÷ 25 = 12.

ಸಮಾಂತರ ಬಾಹುಗಳ ಮೊತ್ತ 25 ಅಂತ ಸಿಕ್ಕಿತು. ಆದರೆ ಅದು 16 ಮತ್ತು 9 ಆಗಿರಬಹುದು, 20 ಮತ್ತು 5 ಆಗಿರಬಹುದು, 24 ಮತ್ತು 1 ಕೂಡ ಆಗಿರಬಹುದು. ಎಲ್ಲವೂ ನಿಮ್ಮ ಷರತ್ತಿಗೆ ಒಪ್ಪುತ್ತವೆ. ಯಾರಾದರೂ ಒಂದನ್ನೇ ಉತ್ತರ ಅಂದರೆ "ಹೇಗೆ ಬಂತು?" ಅಂತ ಕೇಳಿ.

ದೀಪಾವಳಿಗೆ ಅಂಗಳದಲ್ಲಿ 18 ಅಡಿ ಮತ್ತು 9 ಅಡಿಯ ಎರಡು ಕಂಬ ನಿಲ್ಲಿಸಿ, ಒಂದರ ತುದಿಯಿಂದ ಇನ್ನೊಂದರ ಬುಡಕ್ಕೆ ದೀಪದ ಸರ ಎಳೆಯುತ್ತೇವೆ. ಎರಡು ಸರ ಕೂಡುವ ಕಡೆ ಆಕಾಶಬುಟ್ಟಿ ಕಟ್ಟಬೇಕು. ಅದು ಎಷ್ಟು ಎತ್ತರಕ್ಕೆ ಬರುತ್ತದೆ? ಕಂಬಗಳ ನಡುವಿನ ದೂರ ಇನ್ನೂ ಗೊತ್ತು ಮಾಡಿಲ್ಲ. (ಹುಬ್ಬಳ್ಳಿ)

ದೂರ ಬೇಕಾಗಿಯೇ ಇಲ್ಲ! ಎರಡು ಕಂಬಗಳೇ ತ್ರಾಪಿಜ್ಯದ ಸಮಾಂತರ ಬಾಹುಗಳು, ದೀಪದ ಸರಗಳು ಕರ್ಣಗಳು. ಕೂಡುವ ಎತ್ತರ: 18 × 9 ÷ 27 = 6 ಅಡಿ. ಕಂಬಗಳು 10 ಅಡಿ ದೂರ ಇದ್ದರೂ ಆರೇ, 100 ಅಡಿ ದೂರ ಇದ್ದರೂ ಆರೇ (ಸರ ಜೋತು ಬೀಳದೆ ಬಿಗಿಯಾಗಿರಬೇಕು ಅಷ್ಟೇ). ದೂರ ಬೇಕಾಗುವುದು ಯಾವ ಜಾಗದಲ್ಲಿ ಕೂಡುತ್ತವೆ ಎನ್ನುವುದಕ್ಕೆ. 30 ಅಡಿ ಇದ್ದರೆ ಎತ್ತರದ ಕಂಬದಿಂದ 30 × 18 ÷ 27 = 20 ಅಡಿಗೆ, ಗಿಡ್ಡ ಕಂಬದಿಂದ 10 ಅಡಿಗೆ. ಈ ಎರಡನೆಯ ಲೆಕ್ಕವನ್ನು ಆರ್ಯಭಟ 499ರ ಸುಮಾರಿಗೇ ಒಂದು ಶ್ಲೋಕದಲ್ಲಿ ಹೇಳಿಟ್ಟಿದ್ದಾನೆ, ಅದೇ ಶ್ಲೋಕದ ಉಳಿದರ್ಧದಲ್ಲಿ ತ್ರಾಪಿಜ್ಯದ ವಿಸ್ತೀರ್ಣವೂ ಇದೆ. ಆರು ಅಡಿ ಅಂದರೆ ಎತ್ತರದವರ ತಲೆಗೆ ತಾಗುತ್ತದೆ, ಗಿಡ್ಡ ಕಂಬ ಬದಲಿಸಿ ಎರಡೂ 18 ಮಾಡಿದರೆ 9 ಅಡಿ ಸಿಗುತ್ತದೆ.

ನಮ್ಮ ಹೊಲದ ನಾಲ್ಕು ಬದಿ 200, 180, 150, 160 ಅಡಿ. ಯಾವುದೂ ಯಾವುದಕ್ಕೂ ಸಮಾಂತರ ಇಲ್ಲ. ಈಗ ತಾನೇ ಜೋಳ ಕಟಾವಾಗಿದೆ. ಎಷ್ಟು ಗುಂಟೆ ಅಂತ ತಿಳಿಸಿ. (ವಿಜಯಪುರ ಜಿಲ್ಲೆ)

ತಿಳಿಸಲಾರೆ, ಬೇಜಾರು ಮಾಡಿಕೊಳ್ಳಬೇಡಿ. ಅಂಗಡಿಗೆ ಹಾಕುವ ಮಡಚುವ ಗ್ರಿಲ್ ಬಾಗಿಲು ನೋಡಿದ್ದೀರಲ್ಲ. ಎಳೆದರೂ ತಳ್ಳಿದರೂ ಅದರ ಪಟ್ಟಿಗಳ ಉದ್ದ ಬದಲಾಗುವುದಿಲ್ಲ, ಆದರೆ ನಡುವಿನ ಕಿಂಡಿ ದೊಡ್ಡದಾಗುತ್ತದೆ, ಚಿಕ್ಕದಾಗುತ್ತದೆ. ನಾಲ್ಕು ಬಾಹು ಮಾತ್ರ ಗೊತ್ತಿರುವ ಹೊಲವೂ ಹಾಗೇ. ತ್ರಾಪಿಜ್ಯದಲ್ಲಿ ಎರಡು ಬಾಹು ಸಮಾಂತರ ಅನ್ನುವ ಒಂದು ಮಾತು ಸಿಕ್ಕಿರುತ್ತದೆ, ಆ ಒಂದು ಮಾತೇ ಅದನ್ನು ಅಲುಗಾಡದ ಹಾಗೆ ಹಿಡಿದಿಡುತ್ತದೆ. ನಿಮ್ಮ ಹೊಲಕ್ಕೆ ಅದಿಲ್ಲ. ಭಾಸ್ಕರಾಚಾರ್ಯನಿಗೆ ಇಂಥ ಪ್ರಶ್ನೆ ಕಂಡರೆ ಸಿಟ್ಟು. ಲಂಬವನ್ನಾಗಲೀ ಕರ್ಣವನ್ನಾಗಲೀ ಹೇಳದೆ ನಾಲ್ಕು ಬಾಹುಗಳ ವಿಸ್ತೀರ್ಣ ಕೇಳುವವನು ಪಿಶಾಚಿ, ಉತ್ತರ ಹೇಳುವವನು ಅದಕ್ಕಿಂತ ದೊಡ್ಡ ಪಿಶಾಚಿ ಎನ್ನುವ ಅರ್ಥದಲ್ಲಿ 1150ರಲ್ಲಿ ಲೀಲಾವತಿಯಲ್ಲಿ ಬರೆದುಬಿಟ್ಟಿದ್ದಾನೆ. ನೀವು ಪಿಶಾಚಿ ಅಂತ ನಾನಂತೂ ಅನ್ನುವುದಿಲ್ಲ, ಆದರೆ ಉತ್ತರ ಹೇಳಿ ನಾನು ಆಗಲಾರೆ.

ಹೇಗೂ ಹೊಲ ಖಾಲಿ ಇದೆಯಲ್ಲ. 200 ಮತ್ತು 180ರ ಬದಿಗಳು ಕೂಡುವ ಮೂಲೆಯನ್ನು ಬಿಟ್ಟು, ಆ ಎರಡು ಬದಿಗಳ ಆಚೆಯ ತುದಿಗಳ ನಡುವೆ ನೇರವಾಗಿ ಟೇಪು ಹಿಡಿದು ಒಂದೇ ಒಂದು ಅಳತೆ ಬರೆದು ಕಳಿಸಿ. ನಾಲ್ಕು ಬದಿ ಯಾವ ಕ್ರಮದಲ್ಲಿ ಬರುತ್ತವೆ ಅಂತ ಒಂದು ಚಿತ್ರವೂ ಇರಲಿ. ಎರಡು ತ್ರಿಭುಜ ಮಾಡಿ ಮುಂದಿನ ಸಂಚಿಕೆಗೆ ಗುಂಟೆ, ಆಣೆ ಸಮೇತ ಲೆಕ್ಕ ಹಾಕಿ ಕೊಡುತ್ತೇನೆ.